ಪ್ರೆಸ್ಸಿನಕ್ಕ ಓದಿದ ಪುಟಗಳು

ಹೋದ ತಿಂಗಳು ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಯ ಕಿಟಕಿಗಳಿಗೆ ಬಣ್ಣ ಹಚ್ಚಲು ಬಂದಿದ್ದವನು ಮಧ್ಯಾಹ್ನ ಬ್ರಷ್ ತೊಳೆಯಲೆಂದು ಒಂದು ಹಳೆಯ ಬಾಟಲಿಯ ಬಿರಡೆ ತೆಗೆದ. ಚಿಮಣಿ ಎಣ್ಣೆಯ, ಅದೇ ಸೀಮೆಎಣ್ಣೆಯ, ವಾಸನೆ ಪಡಸಾಲೆಯ ತನಕ ಬಂತು. ಈಗ ಯಾರ ಮನೆಯಲ್ಲಿ ಆ ಎಣ್ಣೆ ಇದೆ… ನಾನು ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಬದಿಗಿಟ್ಟೆ. ಹುನಗುಂದದ ಒಂದು ಕಂಪ್ಯೂಟರ್ ಅಂಗಡಿ ನೆನಪಾಗಿತ್ತು.

ಕಂಪ್ಯೂಟರ್ ಅಂಗಡಿಗೂ ಚಿಮಣಿ ಎಣ್ಣೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಆ ಅಂಗಡಿ ಮೊದಲು ಮೊಳೆ ಜೋಡಿಸಿ ಅಚ್ಚು ಹಾಕುವ ಪ್ರೆಸ್ಸಾಗಿತ್ತು. ಸೀಸದ ಅಚ್ಚುಮೊಳೆಗಳನ್ನು ವರ್ಷಗಟ್ಟಲೆ ಅದೇ ಎಣ್ಣೆಯಲ್ಲಿ ತೊಳೆದು ತೊಳೆದು ನೆಲದ ಕಲ್ಲು, ಗೋಡೆ, ಕಟ್ಟಿಗೆಯ ಕಪಾಟು ಎಲ್ಲವೂ ಅದನ್ನು ಕುಡಿದುಬಿಟ್ಟಿದ್ದವು. ಪ್ರೆಸ್ಸು ಹೋಗಿ ಕಂಪ್ಯೂಟರ್ ಬಂದರೂ ವಾಸನೆ ಹೋಗಿರಲಿಲ್ಲ.

ಆ ಅಂಗಡಿ ನಡೆಸುತ್ತಿದ್ದವರನ್ನು ಊರವರೆಲ್ಲ ಪ್ರೆಸ್ಸಿನಕ್ಕ ಎನ್ನುತ್ತಿದ್ದರು. ಐವತ್ತರ ಆಸುಪಾಸಿನ ಹೆಂಗಸು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಸವೆದು ನುಣುಪಾಗಿದ್ದವು. ಗಂಡ ಪ್ರೆಸ್ಸು ನಡೆಸುತ್ತಿದ್ದ ಕಾಲದಲ್ಲಿ ಮೊಳೆ ಜೋಡಿಸುವ ಕೆಲಸ ಅವರದೇ ಆಗಿತ್ತು. ಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿರುತ್ತದೆ. ನಾವು ಪತ್ರಿಕೆ ಓದುವಷ್ಟು ಸಲೀಸಾಗಿ ಅವರು ಅದನ್ನು ಓದುತ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ ಯಂತ್ರ, ಮೊಳೆ ಎಲ್ಲವನ್ನೂ ಮಾರಿ, ಒಂದು ಕಂಪ್ಯೂಟರ್ ತಂದು, ನಲವತ್ತು ದಾಟಿದ ವಯಸ್ಸಿನಲ್ಲಿ ಟೈಪಿಂಗ್ ಕಲಿತರು. ಮದುವೆ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ವರದಿ… ಏನೇ ಇದ್ದರೂ ಪೂರ್ತಿ ಒಮ್ಮೆ ಗಟ್ಟಿಯಾಗಿ ಓದದೆ ಕಾಗದ ಕೈಗೆ ಕೊಡುತ್ತಿರಲಿಲ್ಲ. ಮಹಾಕೂಟದಲ್ಲಿ ಮದುವೆ ಇಟ್ಟುಕೊಂಡಿದ್ದ ಬೀಗರೊಬ್ಬರು ಬಸ್ಸಿಗೆ ಹೊತ್ತಾಯಿತೆಂದು ಚಡಪಡಿಸುತ್ತ ನಿಂತಿದ್ದರೂ ಅವರು ವರನ ಮುತ್ತಜ್ಜನ ಹೆಸರಿನ ತನಕ ಓದಿಯೇ ಬಿಟ್ಟದ್ದನ್ನು ನಾನು ನೋಡಿದ್ದೇನೆ.

ಆಗಿನ ಕನ್ನಡ ಫಾಂಟುಗಳ ಫಜೀತಿ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಇದು ಇಪ್ಪತ್ತು ವರ್ಷದ ಹಿಂದಿನ ಮಾತು. ನಾವು ಬಳಸುತ್ತಿದ್ದ ಕಂಪ್ಯೂಟರುಗಳಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳೇ ಇರುತ್ತಿದ್ದವು. ಫಾಂಟು ಅವುಗಳಿಗೆ ಕನ್ನಡದ ರೂಪ ಕೊಟ್ಟು ತೋರಿಸುತ್ತಿತ್ತು. ಯಾವ ಫಾಂಟಿನಲ್ಲಿ ಬರೆದಿದ್ದೇವೋ ಅದೇ ಫಾಂಟು ಇದ್ದ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಬೇರೆ ಕಡೆ ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ, ನಡುನಡುವೆ ಖಾಲಿ ಚೌಕಗಳು. ಬಾದಾಮಿಯಿಂದ, ಇಳಕಲ್ಲಿನಿಂದ ಜನ ಫ್ಲಾಪಿ ಹಿಡಿದುಕೊಂಡು ಪ್ರೆಸ್ಸಿನಕ್ಕನ ಹತ್ತಿರ ಬರುತ್ತಿದ್ದದ್ದು ಇದಕ್ಕೇ. ಅವರು ಬೇಕಾದ ಫಾಂಟು ಹಾಕಿ, ಸಾಲು ಸರಿಪಡಿಸಿ, ಅಲ್ಲಿಂದಿಲ್ಲಿಗೆ ಹಾರಿದ ಅರ್ಕಾವತ್ತುಗಳನ್ನು ಮತ್ತೆ ಜಾಗಕ್ಕೆ ಕೂಡಿಸಿ ಕಳಿಸುತ್ತಿದ್ದರು.

ನಾನು ಹೋದದ್ದು ನನ್ನ ತಪ್ಪಿನಿಂದ.

ಆಗ ನಾನು ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಅವ್ವ ತೀರಿಕೊಂಡಿದ್ದಳು, ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಅಪ್ಪ ಮೂವತ್ತು ವರ್ಷ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ನಿವೃತ್ತರಾದ ಮೇಲೆ ನೇಕಾರರ ಮನೆಮನೆಗೆ ಹೋಗಿ ಮಗ್ಗದ ಪದಗಳನ್ನು ಕೂಡಿಹಾಕತೊಡಗಿದ್ದರು. ಸೀರೆಗೆ ಸೆರಗು ಕೂಡಿಸುವಾಗ ಹೆಂಗಸರು ಆಡುವ ಮಾತು, ನೂಲಿಗೆ ಗಂಜಿ ಹಚ್ಚುವಾಗಿನ ಮಾತು, ಮಗ್ಗ ಕೆಟ್ಟಾಗ ಬೈಯುವ ಮಾತು… ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಬಂದು, ಕಂಪ್ಯೂಟರಿನ ಮುಂದೆ ಕುಳಿತು ಎರಡು ಬೆರಳಿನಲ್ಲಿ ಟೈಪು ಮಾಡುತ್ತಿದ್ದರು. ನಾಲ್ಕು ವರ್ಷ ಹಾಗೆ ಕುಳಿತರು. ಟೈಪಾದ ಚೀಟಿಯನ್ನು ಹರಿದು ಒಲೆಗೆ ಹಾಕುವುದು ಅವರ ರೂಢಿ. ಕೊನೆಯ ಪದ ಮುಗಿಯುವ ಹೊತ್ತಿಗೆ ಅವರ ಕಣ್ಣಿನ ನರ ಒಣಗಿತ್ತು. ಬಾಗಲಕೋಟೆಯ ಡಾಕ್ಟರರು ಬೆಳಕಷ್ಟೇ ಉಳಿದೀತು ಎಂದಿದ್ದರು. ಅಷ್ಟೇ ಉಳಿಯಿತು.

ಆ ಬೇಸಿಗೆ ಕಂಪ್ಯೂಟರ್ ನಿಧಾನವಾಯಿತು, ವೈರಸ್ ಬಂದಿದೆ ಎಂದುಕೊಂಡು ನಾನೇ ಅದನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಮಾಡಿದೆ. ಆರು ತಿಂಗಳ ಕೋರ್ಸು ಮಾಡಿದ್ದೇನೆಂಬ ಜಂಬ. ಅಪ್ಪನ ಪುಸ್ತಕವನ್ನು ಮೊದಲೇ ಸಿಡಿಗೆ ಹಾಕಿಟ್ಟುಕೊಂಡಿದ್ದೆ. ಫಾಂಟನ್ನು ಮಾತ್ರ ಮರೆತೆ. ಅದು ಬಾಗಲಕೋಟೆಯ ಕಡೆಯವರು ಯಾರೋ ತಾವೇ ತಯಾರಿಸಿ ಗೆಳೆಯರಿಗೆ ಹಂಚಿದ ಫಾಂಟು. ಅಪ್ಪನಿಗೆ ಕೊಟ್ಟವರೂ ಊರು ಬಿಟ್ಟಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಸರಿಮಾಡುತ್ತೇನೆಂದು ಹೋಗಿ ಫೈಲನ್ನು ಬೇರೆ ರೀತಿಯಲ್ಲಿ ಉಳಿಸಿ, ಅದನ್ನೇ ಸಿಡಿಗೆ ಬರೆದು, ಮೊದಲಿನ ಸಿಡಿಯನ್ನು ಗೊಂದಲವಾಗಬಾರದೆಂದು ಮುರಿದು ಎಸೆದೆ. ಆಮೇಲೆ ನೋಡುತ್ತೇನೆ, ಸಾವಿರಾರು ಕಡೆ ಒತ್ತಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಿದ್ದಿದೆ.

ಅಪ್ಪನಿಗೆ ಹೇಳಲಿಲ್ಲ. ಸಂಜೆ ಚಹ ಕುಡಿದಾದ ಮೇಲೆ ಅವರು ಒಂದು ಪದ ಹೇಳಿ, ಅದರ ಪುಟ ಓದು ಎನ್ನುತ್ತಿದ್ದರು. ತಪ್ಪಿದ್ದರೆ ತಿದ್ದಿಸಿ ಅಚ್ಚಿಗೆ ಕೊಡಬೇಕೆಂಬುದು ಅವರ ಆಸೆ. ನಾನು ಪರದೆಯ ಮುಂದೆ ಕುಳಿತು, ಅವರಿಂದ ಅಷ್ಟಿಷ್ಟು ಕೇಳಿದ್ದನ್ನು ನೆನಪಿಸಿಕೊಂಡು, ನೆನಪಿಲ್ಲದಲ್ಲಿ ಹುಟ್ಟಿಸಿಕೊಂಡು ಓದಿದ ಹಾಗೆ ನಟಿಸುತ್ತಿದ್ದೆ. ಹನ್ನೊಂದು ದಿನ ಹಾಗೆ ಓದಿದೆ. ಅವರು ಬೆಳಕಿನ ಕಡೆ ಮುಖ ಮಾಡಿ ಕೇಳುತ್ತಿದ್ದರು. ಆಯಿತು ಎನ್ನುತ್ತಿದ್ದರು.

ಇಳಕಲ್ಲಿನ ಕಂಪ್ಯೂಟರಿನವರನ್ನು ಕೇಳಿದ್ದಾಯಿತು, ಬಾಗಲಕೋಟೆಗೆ ಹೋಗಿ ಬಂದದ್ದಾಯಿತು. ಎಲ್ಲರೂ ತಲೆ ಅಲ್ಲಾಡಿಸಿದರು. ಕೊನೆಗೆ ನಮ್ಮ ಶಾಲೆಯ ಹೆಡ್‌ಮಾಸ್ತರರು, ಹುನಗುಂದದಲ್ಲಿ ಒಬ್ಬರಿದ್ದಾರೆ, ನೋಡಿ ಎಂದರು.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ. ಬಾಗಿಲಲ್ಲೇ ಆ ವಾಸನೆ. ಪ್ರೆಸ್ಸಿನಕ್ಕ ಬಸಿಯಲ್ಲಿ ಚಹ ಸುರಿದುಕೊಂಡು ಕುಡಿಯುತ್ತಿದ್ದರು.

"ಏನ್ ತಂದೀ ತಂಗಿ?"

"ಇದು ಕೆಟ್ಟು ಹೋಗೈತ್ರಿ ಅಕ್ಕಾರ. ಎಲ್ಲಾ ಕಡೆ ತೋರಿಸಿ ಬಂದೇನಿ."

ಸಿಡಿ ಹಾಕಿದರು. ಪರದೆಯ ತುಂಬ ಅದೇ ಸಂತೆ. ಕನ್ನಡಕ ಏರಿಸಿಕೊಂಡು ಪರದೆಗೆ ಹತ್ತಿರ ಬಗ್ಗಿದರು. ತುಟಿ ಅಲುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು.

"ಕುಣಿ. ನೇಕಾರನು ಕಾಲು ಇಳಿಬಿಟ್ಟು ಕೂಡುವ ತಗ್ಗು. ಮಳೆಗಾಲದಲ್ಲಿ ಇದರೊಳಗೆ ನೀರು ಒಸರುವುದುಂಟು…"

ಅದು ಅಪ್ಪನ ಮಾತು. ಅಪ್ಪ ಬರೆಯುವ ರೀತಿ. ಹನ್ನೊಂದು ದಿನ ಕಾಣದೆ ಹೋಗಿದ್ದ ಅಪ್ಪನ ಸಾಲು, ಗುರುತು ಪರಿಚಯವಿಲ್ಲದ ಹೆಂಗಸಿನ ಬಾಯಿಂದ ಬರುತ್ತಿತ್ತು. ನಾನು ಅಲ್ಲಿಯೇ, ಗಿರಾಕಿಗಳ ಎದುರಿಗೇ ಅತ್ತುಬಿಟ್ಟೆ.

"ಅಳೂದ್ಯಾಕ? ಕೆಟ್ಟಿಲ್ಲಿದು. ಮೈಮ್ಯಾಲಿನ ಅಂಗಿ ಕಳಕೊಂಡೈತಿ, ಅಷ್ಟ."

ಅವರು ಮೊದಲು ಟೈಪಿಂಗ್ ಕಲಿತದ್ದು ಅದೇ ಫಾಂಟಿನಲ್ಲಂತೆ. ಆ ಹಳೆಯ ಕಂಪ್ಯೂಟರ್ ಸಿಡಿಲಿಗೆ ಸುಟ್ಟು ಫಾಂಟೂ ಅದರ ಜೊತೆಗೇ ಹೋಗಿತ್ತು. ಆದರೆ ಕಲಿಯುವಾಗ ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬೀಳುತ್ತದೆ ಎಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಅದನ್ನು ತೆಗೆದು ತೋರಿಸಿದರು. ಒಂದೊಂದೇ ಅಕ್ಷರ ಹುಡುಕಿ ಹೊಸ ಫಾಂಟಿಗೆ ಬದಲಿಸಿದರೆ ಪುಸ್ತಕ ಬರುತ್ತದೆ ಎಂದರು. ಆಮೇಲೆ ಅವರ ಬೆರಳು ಒಂದು ಪ್ರಶ್ನಾರ್ಥಕದ ಮೇಲೆ ನಿಂತಿತು.

"ಇದನ್ನ ಯಾರು ಮಾಡಿದ್ರು?"

"ನಾನ್ರಿ."

"ಇಲ್ಲೆಲ್ಲಾ ಒತ್ತಕ್ಷರ ಇದ್ವು. ದಿನಾ ಆಡೂ ಮಾತಾದ್ರ ನಾ ಊಹಿ ಮಾಡ್ತೇನಿ. ಮಗ್ಗದ ಮಾತಾದ್ರ ಬರೆದವ್ರ ಹೇಳಬೇಕು. ಅವರು ಅದಾರಿಲ್ಲೊ?"

ಇದ್ದಾರೆ, ಅಪ್ಪ, ಕಣ್ಣು ಕಾಣುವುದಿಲ್ಲ, ಅವರಿಗೆ ಇದೊಂದೂ ಗೊತ್ತಿಲ್ಲ ಎಂದೆ. ಸಂಜೆ ಸಂಜೆ ನಾನು ಮಾಡುತ್ತಿದ್ದದ್ದನ್ನೂ ಹೇಳಿದೆ. ಯಾಕೆ ಹೇಳಿದೆನೋ ತಿಳಿಯದು. ಪ್ರೆಸ್ಸಿನಕ್ಕ ಕನ್ನಡಕ ಇಳಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಸಿಡಿ ಹೊರಗೆ ತೆಗೆದು ನನ್ನ ಮುಂದೆ ಇಟ್ಟರು.

"ಹಂಗಾರ ನಾ ಮುಟ್ಟಂಗಿಲ್ಲ ತಂಗಿ. ಅವರ ಪುಸ್ತಕ ಅವರಿಗೆ ತಿಳೀದಂಗ ಹೆಂಗ ತಿದ್ದಲಿ? ಮೊದಲ ಅವರ ಮುಂದ ಹೇಳು. ನಿನಗ ಅಂಜಿಕಿ ಆದ್ರ ಬರೂ ರವಿವಾರ ನಾನೂ ಬರ್ತೇನಿ. ಆದ್ರ ಹೇಳಾಕಿ ನೀನ."

ಭಾನುವಾರ ಬೆಳಿಗ್ಗೆ ನಿಜವಾಗಿಯೂ ಬಂದರು, ಕೈಚೀಲದಲ್ಲಿ ಆ ನೋಟ್‌ಬುಕ್ಕು ಇಟ್ಟುಕೊಂಡು. ಅಪ್ಪ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕುಳಿತಿದ್ದರು. ಹುನಗುಂದದ ಪ್ರೆಸ್ಸಿನವರು ಎಂದು ಪರಿಚಯ ಮಾಡಿಸಿದೆ. ಅಪ್ಪನ ಮುಖ ಅರಳಿತು. ಪುಸ್ತಕ ಅಚ್ಚಿಗೆ ಹೋಗುತ್ತದೆ ಎಂದುಕೊಂಡರೋ ಏನೋ. ಅದನ್ನು ನೋಡಿ ನಾನು ನೀರು ತರಲು ಒಳಗೆ ಹೋದೆ. ಪ್ರೆಸ್ಸಿನಕ್ಕ ನೀರಿನ ಲೋಟ ಹಿಡಿದುಕೊಂಡು ಗೋಡೆಯ ಮೇಲಿನ ಅವ್ವನ ಫೋಟೋ ನೋಡುತ್ತ ಕುಳಿತರು.

ಹೇಳಿದೆ. ಮೊದಲಿನಿಂದ ಕೊನೆಯ ತನಕ, ಒಂದೇ ಉಸಿರಿನಲ್ಲಿ.

ಅಪ್ಪ ಧೋತರದ ಅಂಚನ್ನು ಬೆರಳಲ್ಲಿ ಮಡಿಸುತ್ತ, ಬಿಚ್ಚುತ್ತ ಕುಳಿತಿದ್ದರು. ಹೊರಗೆ ಯಾರದೋ ಮನೆಯ ಮಗ್ಗ ಬಡಿಯುತ್ತಿತ್ತು.

"ನನಗ ಗೊತ್ತೈತಿ," ಎಂದರು. "ಮಗ್ಗದಾಗ ಅತ್ತಿತ್ತ ಓಡೂ ಲಾಳಿಗೆ ನಾ ಪೂರಾ ಒಂದು ಪುಟ ಬರದಿದ್ದೆ. ನೀ ಎರಡ ಸಾಲು ಓದಿದಿ. ಅವತ್ತ ತಿಳೀತು."

"ಮತ್ತ ಯಾಕ ಕೇಳ್ಲಿಲ್ಲ ಅಪ್ಪಾ?"

"ನೀ ಹೇಳ್ತೀ ಅಂತ ಕಾದೆ." ಕಂಪ್ಯೂಟರ್ ಇದ್ದ ಕಡೆ ಮುಖ ತಿರುಗಿಸಿದರು. "ಎಲ್ಲಾ ಹೋಗೇತೇನು?"

ಪ್ರೆಸ್ಸಿನಕ್ಕ ಆಗ ಬಾಯಿ ಬಿಟ್ಟರು. "ಎಲ್ಲೂ ಹೋಗಿಲ್ರಿ ಮಾಸ್ತರ. ನಾ ಓದ್ತೇನಿ, ನೀವು ಕೇಳ್ರಿ." ಕಂಪ್ಯೂಟರಿನ ಮುಂದೆ ಕುಳಿತು, ಯಾರಿಗೂ ಅರ್ಥವಾಗದ ಆ ಪುಟವನ್ನು ಮೊದಲ ಸಾಲಿನಿಂದ ಓದತೊಡಗಿದರು. ಅಪ್ಪ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದರು. ಮೂರನೆಯ ಸಾಲಿಗೆ ಅವರ ತುಟಿಯೂ ಅಲುಗತೊಡಗಿತ್ತು…

ಅಂದಿನಿಂದ ದೀಪಾವಳಿಯ ತನಕ ಬಹುತೇಕ ಪ್ರತಿ ಭಾನುವಾರ ಅವರು ನಮ್ಮ ಮನೆಗೆ ಬಂದರು. ವಾರದ ನಡುವೆ ತಮ್ಮ ಅಂಗಡಿಯಲ್ಲಿ ಅಕ್ಷರ ಬದಲಿಸಿ, ಉಳಿದ ಪ್ರಶ್ನಾರ್ಥಕಗಳ ಪಟ್ಟಿ ಹಿಡಿದುಕೊಂಡು ಬರುತ್ತಿದ್ದರು. ಅವರು ಓದುವುದು, ಅಪ್ಪ ತುಂಬುವುದು, ನಾನು ಟೈಪು ಮಾಡುವುದು. "ಹೊಕ… ಇಲ್ಲೊಂದು ಪ್ರಶ್ನಿ ಐತ್ರಿ," ಎನ್ನುವಷ್ಟರಲ್ಲಿ ಅಪ್ಪ, "ಹೊಕ್ಕು! ಹೊಕ್ಕು! ಅಡ್ಡ ಎಳಿ," ಎಂದು ಶಾಲೆಯ ಹುಡುಗರ ಹಾಗೆ ಕೂಗುತ್ತಿದ್ದರು. ಕಣ್ಣು ಹೋದ ಮೇಲೆ ಅಪ್ಪ ಅಷ್ಟು ಮಾತಾಡಿದ್ದು ಆ ಭಾನುವಾರಗಳಲ್ಲಿ. ಮಧ್ಯಾಹ್ನ ಮೂವರೂ ರೊಟ್ಟಿ ತಿನ್ನುವಾಗ, ನಾನು ಹುಟ್ಟಿಸಿ ಓದಿದ್ದ ಸುಳ್ಳು ಅರ್ಥಗಳನ್ನು ಅಪ್ಪ ಒಂದೊಂದಾಗಿ ಹೇಳಿ ನಗಿಸುತ್ತಿದ್ದರು. ನನಗೂ ನಗು ಬರತೊಡಗಿತು. ಅದು ಬರಲು ಮಾತ್ರ ತಿಂಗಳು ಹಿಡಿಯಿತು.

ಜಗಳವೂ ಆಗುತ್ತಿತ್ತು. ಪ್ರೆಸ್ಸಿನಕ್ಕನ ತವರು ಗುಳೇದಗುಡ್ಡ. ಅವರ ತಾಯಿ ಮನೆಯಲ್ಲೇ ಕುಪ್ಪಸದ ಖಣ ನೇಯ್ದವರು. ಅಡ್ಡ ಎಳೆಯ ನೂಲು ಸುತ್ತುವ ಕೊಳವೆಗೆ ಅಪ್ಪ ಕಂಡಿಕಿ ಎಂದು ಬರೆದಿದ್ದರು. "ನಮ್ಮವ್ವ ಹಂಗ ಅಂತಿದ್ದಿಲ್ರಿ. ಕಂಡಕಿ," ಎಂದರು ಇವರು. ಮೂವತ್ತು ಮನೆಯಲ್ಲಿ ಕೇಳಿ ಬರೆದದ್ದು ಎಂದು ಅಪ್ಪ ಪಟ್ಟು ಹಿಡಿದರು. ಅವತ್ತು ಪ್ರೆಸ್ಸಿನಕ್ಕ ಚಹ ಕುಡಿಯದೆ ಎದ್ದು ಹೋದರು. ಮುಂದಿನ ವಾರ ಬರಲಿಕ್ಕಿಲ್ಲ ಎಂದುಕೊಂಡರೆ, ಬೆಳಿಗ್ಗೆಯೇ ಬಂದು, "ನಡೀರಿ ಮಾಸ್ತರ, ಹೋಗಿ ಕೇಳಿ ಬರೂಣು," ಎಂದರು. ಮೂವರೂ ಬಸ್ಸು ಹತ್ತಿ ಗುಳೇದಗುಡ್ಡಕ್ಕೆ ಹೋದೆವು. ಅವರ ತಾಯಿಯ ಗೆಳತಿಯೊಬ್ಬಳು, ಎಂಬತ್ತರ ಮುದುಕಿ, ಮಗ್ಗದ ಪಕ್ಕ ರಾಟೆ ತಿರುಗಿಸುತ್ತ ಕುಳಿತಿದ್ದಳು. ಇಬ್ಬರ ವಾದವನ್ನೂ ಕೇಳಿ, "ಹೆಂಗರ ಅನ್ರೆಪಾ, ನೂಲು ಸುತ್ತಿದ್ರ ಆತು," ಎಂದಳು. ಅಪ್ಪ ದಾರಿಯುದ್ದಕ್ಕೂ ನಕ್ಕರು. ಎರಡೂ ಪದಗಳು ಪುಸ್ತಕದಲ್ಲಿವೆ.

ಏಳು ಪದಗಳು ಮಾತ್ರ ಅಪ್ಪನ ನೆನಪಿಗೂ ಸಿಕ್ಕಲಿಲ್ಲ. ನಾಲಿಗೆಯ ತುದಿಯಲ್ಲಿದೆ ಎನ್ನುತ್ತಿದ್ದರು, ಸಿಗುತ್ತಿರಲಿಲ್ಲ. ನಾನು ತಲೆ ತಗ್ಗಿಸಿದರೆ ಪ್ರೆಸ್ಸಿನಕ್ಕ ಪಟ್ಟಿಯ ಮೇಲೆ ಗೆರೆ ಎಳೆದು, "ಇರ್ಲಿ, ಮುಂದ ನಡಿ," ಎನ್ನುತ್ತಿದ್ದರು. ಆ ಏಳು ಪುಸ್ತಕದಲ್ಲಿಲ್ಲ.

ಕೆಲಸ ಮುಗಿದ ಮೇಲೆ ಪುಸ್ತಕವನ್ನೂ ಅದರ ಫಾಂಟನ್ನೂ ಒಂದೇ ಸಿಡಿಯಲ್ಲಿ ಹಾಕಿ, ಮೂರು ಪ್ರತಿ ಮಾಡಿ ಕೊಟ್ಟರು. ಬಾಗಲಕೋಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಾಯಿತು. ಕೊನೆಯ ಪುಟದಲ್ಲಿ ಪ್ರೆಸ್ಸಿನಕ್ಕನ ಹೆಸರು ಬರೆದು, ಇವರು ಓದದಿದ್ದರೆ ಈ ಪುಸ್ತಕ ಇರುತ್ತಿರಲಿಲ್ಲ ಎಂಬ ಒಂದು ಸಾಲು ಹಾಕಬೇಕೆಂದು ಅಪ್ಪ ಹೇಳಿದ್ದರು. ಪ್ರೆಸ್ಸಿನಕ್ಕನಿಗೆ ತಿಳಿಯದಂತೆ ಮಾಡಬೇಕೆಂದು ನಾನೇ ಶಾಲೆಯ ಕಂಪ್ಯೂಟರಿನಲ್ಲಿ ಆ ಪುಟ ಟೈಪು ಮಾಡಿ, ಅವಸರದಲ್ಲಿ ಪ್ರೆಸ್ಸಿಗೆ ಕೊಟ್ಟು ಬಂದೆ. ಶಾಲೆಯ ಫಾಂಟು ಬೇರೆ, ಪ್ರಶ್ನೆಪತ್ರಿಕೆಗಳಿಂದ ಪ್ರೆಸ್ಸಿನಕ್ಕನಿಗೆ ರೂಢಿಯಾದದ್ದು; ಅದನ್ನು ಜೊತೆಗೆ ಕೊಡಲಿಲ್ಲ. ಮತ್ತೆ ಮರೆತಿದ್ದೆ! ಪುಸ್ತಕ ಹೊಲಿದು, ರಟ್ಟು ಹಾಕಿ ಕೈಗೆ ಬಂದಾಗ ನೋಡಿದರೆ ಕೊನೆಯ ಪುಟದಲ್ಲಿ ಇಂಗ್ಲಿಷ್ ಅಕ್ಷರಗಳ ಸಂತೆ.

ಹೇಗೆ ಮುಖ ತೋರಿಸುವುದು? ಆದರೂ ಹುನಗುಂದಕ್ಕೆ ಹೋದೆ. ಪುಸ್ತಕ ಕೈಯಲ್ಲಿಟ್ಟು, ಕೊನೆಯ ಪುಟ ತೆರೆದೆ. ಅವರು ಕನ್ನಡಕ ಏರಿಸಿಕೊಂಡರು. ತಮ್ಮ ಹೆಸರನ್ನು ಮೆಲ್ಲಗೆ ಓದಿಕೊಂಡರು. ಆ ಸಾಲನ್ನೂ ಪೂರ್ತಿ ಓದಿದರು. ಆಮೇಲೆ ಅಂಗಡಿ ತುಂಬುವಂತೆ ನಕ್ಕರು.

"ಊರಾಗ ಯಾರಿಗೂ ತಿಳೀದಂಗ ನನಗೊಬ್ಬಾಕಿಗೇ ಪತ್ರ ಬರದೀಯಲ್ಲ ತಂಗಿ!"

ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಒರೆಸಿಕೊಂಡದ್ದು ನಗುವಿಗೇನಾ ಎಂದು ಆಗ ಯೋಚಿಸಲಿಲ್ಲ.

ಅಪ್ಪ ಅದಾದ ಮೇಲೆ ಎರಡು ವರ್ಷ ಇದ್ದರು. ಪುಸ್ತಕವನ್ನು ನನ್ನಿಂದ ನಾಲ್ಕೈದು ಸಲವಾದರೂ ಓದಿಸಿದರು. ಪ್ರತಿ ಸಲವೂ ಲಾಳಿಯಿಂದಲೇ ಶುರು. ಅವರು ಹೋದ ಮೂರನೆಯ ದಿನ ಪ್ರೆಸ್ಸಿನಕ್ಕ ಬಂದು, ಕಿಟಕಿಯ ಪಕ್ಕದ ಕುರ್ಚಿಯ ಹತ್ತಿರ ನೆಲದ ಮೇಲೆ ಕುಳಿತು, ಸಂಜೆ ಬಸ್ಸಿಗೆ ಎದ್ದರು. ಆಮೇಲೆ ನನಗೆ ಬಾಗಲಕೋಟೆಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ವಿದ್ಯಾಗಿರಿಯಲ್ಲಿ ಮನೆಯಾಯಿತು. ಆಗಾಗ ಫೋನು. ಒಮ್ಮೆ ಹೇಳಿದ್ದರು: "ಈಗ ಎಲ್ಲಾರ ಫೋನಿನ್ಯಾಗೂ ಕನ್ನಡ ಕಾಣಾಕತ್ತೈತಿ. ಫಾಂಟ್ ಹಾಕ್ರಿ ಅಂತ ಯಾರೂ ಬರಂಗಿಲ್ಲ. ಛಲೋ ಆತು ಬಿಡು." ದನಿಯಲ್ಲಿ ಬೇಸರವೇನೂ ಇರಲಿಲ್ಲ. ಒಮ್ಮೆ ಬಾ ಎಂದರು. ಬರ್ತೇನ್ರಿ ಅಕ್ಕಾರ ಎಂದೆ. ಹುನಗುಂದ ಇಲ್ಲಿಂದ ಒಂದೂವರೆ ತಾಸಿನ ದಾರಿ. ಆ ದಾರಿಗೆ ನಾನು ಎಷ್ಟೋ ವರ್ಷ ಹೊರಡಲೇ ಇಲ್ಲ…

ಹೋದ ತಿಂಗಳು ಬಣ್ಣ ಹಚ್ಚುವವನು ಬಂದಿದ್ದ ಆ ಮಧ್ಯಾಹ್ನವೇ ಫೋನು ಮಾಡಿದೆ. ಅವರ ಮಗ ಎತ್ತಿದ. "ಅವ್ವ ತೀರಿಕೊಂಡು ಎಂಟು ತಿಂಗಳಾತ್ರಿ," ಎಂದ. ನಿಮ್ಮ ನಂಬರು ಸಿಗಲಿಲ್ಲ, ಹೊಸ ಫೋನಿಗೆ ಬಂದಿರಲಿಲ್ಲ ಎಂದು ಅವನೇ ನೊಂದುಕೊಂಡ.

ಮರುದಿನವೇ ಹೋದೆ. ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಮನೆಯಲ್ಲಿ ಅವರ ಮಗ ಕಪಾಟಿನಿಂದ ಅಪ್ಪನ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟ. ಪುಟಪುಟದ ಅಂಚಿನಲ್ಲೂ ಕೆಂಪು ಶಾಯಿಯ ಗುರುತು. ಬಿಟ್ಟುಹೋದ ದೀರ್ಘ, ಹೆಚ್ಚಾದ ಸೊನ್ನೆ, ಜಾಗ ತಪ್ಪಿದ ಒತ್ತು… ಪುಸ್ತಕ ಕೈಗೆ ಬಂದ ವಾರವೇ ಕುಳಿತು ಇಡೀ ಪುಸ್ತಕದ ತಪ್ಪು ತಿದ್ದಿದ್ದರಂತೆ. "ಮುಂದಿನ ಸಲ ಅಚ್ಚು ಹಾಕುವಾಗ ಆಕಿ ಬರ್ತಾಳ, ಆಗ ಕೊಡೂಣು ಅಂತಿದ್ಲುರಿ ಅವ್ವ," ಎಂದ. ಅಷ್ಟು ವರ್ಷ ಫೋನಿನಲ್ಲಿ ಒಮ್ಮೆಯೂ ಆ ಮಾತೆತ್ತಿರಲಿಲ್ಲ. ತಪ್ಪುಗಳಿವೆ ಎಂದರೆ ನನಗೆ ನೋವಾದೀತು ಎಂದಿರಬೇಕು.

ಈಗ ಆ ತಿದ್ದುಪಡಿಗಳನ್ನು ನಾನು ಒಂದೊಂದಾಗಿ ಹಾಕುತ್ತಿದ್ದೇನೆ, ಎಲ್ಲ ಫೋನಿನಲ್ಲೂ ಕಾಣುವ ಕನ್ನಡದಲ್ಲಿ. ಕಾಲೇಜಿಗೆ ಹೋಗುವ ಮೊದಲಿನ ಒಂದು ಗಂಟೆ ಅದಕ್ಕೇ. ನಿನ್ನೆ ನೂರಾ ಹನ್ನೆರಡನೆಯ ಪುಟಕ್ಕೆ ಬಂದೆ. ಒಂದು ಪದದ ಕೆಳಗೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ: ಮಾಸ್ತರಿಗೆ ಕೇಳಬೇಕು.

ಏನು ಕೇಳಬೇಕೆಂದಿದ್ದರೋ. ಪದದಲ್ಲಿ ನನಗೆ ತಪ್ಪು ಕಾಣಲಿಲ್ಲ. ಅದನ್ನು ಇದ್ದ ಹಾಗೆಯೇ ಬಿಟ್ಟು ಪುಟ ತಿರುವಿದೆ.